ಗೆದ್ದ ವರ್ಷ, ಬಿದ್ದ ಗಂಟಲು

ಮಾರ್ಚ್ ೪, ಸೋಮವಾರ

ನಾಳೆ ಬೆಳಿಗ್ಗೆ ನನ್ನ ಗಂಟಲಿಗೆ ಕತ್ತರಿ ಬೀಳುತ್ತದೆ. ಇಷ್ಟು ವರ್ಷ ಊರವರ ತಲೆಗೆ ಕತ್ತರಿ ಹಾಕಿದವನಿಗೆ ಇದು ತಕ್ಕ ಶಾಸ್ತಿ ಎಂದು ನನ್ನ ಗಿರಾಕಿಗಳು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳಲು ನಾನು ಸಂದು ಕೊಟ್ಟಿದ್ದರೆ ತಾನೆ.

ಧ್ವನಿಪೆಟ್ಟಿಗೆಯಲ್ಲಿ ಒಂದು ಗಂಟು ಬೆಳೆದಿದೆಯಂತೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದರ ಕಾರಣವನ್ನು ಗಂಟಲು ಡಾಕ್ಟರಿಗೆ ನಾನೇ ವಿವರಿಸಿದೆ, ಅಂದರೆ ನನ್ನ ಗರಗಸದಂಥ ದನಿಯಲ್ಲಿ ಕೆರೆದೆ. ನಮ್ಮ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಒಂಬತ್ತು ವರ್ಷ ಸೋತೂ ಸೋತೂ ಈ ವರ್ಷ ಕಪ್ ಗೆದ್ದಿದೆ, ಆ ಕಪ್ಪಿಗೆ ನನ್ನ ಗಂಟಲೇ ಬೆಲೆ ತೆತ್ತಿದೆ ಎಂದೆ. ನಮ್ಮ ಕಾಲೇಜು ಎಂದರೆ ನಾನು ಓದಿದ ಕಾಲೇಜಲ್ಲ. ನನ್ನ ಕಟಿಂಗ್ ಶಾಪಿನ ಎದುರಿಗಿರುವ ಕಾಲೇಜು. ಆ ಗೇಟಿನೊಳಗೆ ನಾನು ಕಾಲಿಟ್ಟದ್ದೆಲ್ಲ ಆಟ ನೋಡಲು. ಪಾಠಕ್ಕೆ ಕರೆದವರಿಲ್ಲ.

"ಸೀಸನ್ ಎಷ್ಟು ತಿಂಗಳದ್ದು?" ಡಾಕ್ಟರ್ ಕೇಳಿದರು.

"ಮೂರು."

"ಈ ಗಂಟು ಮೂರು ತಿಂಗಳದ್ದಲ್ಲ ರೀ. ನೀವು ಅಂಗಡೀಲೂ ಮಾತಾಡ್ತೀರಾ?"

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾಳೆಂದು ಬೆನ್ನ ಮೇಲೆ ಕೈಯಿಟ್ಟೆ. ನಗುತ್ತಿದ್ದಳು.

ಎರಡು ವಾರ ಒಂದು ಅಕ್ಷರವೂ ಹೊರಗೆ ಬರಬಾರದಂತೆ. ಪಿಸುಮಾತು ಇನ್ನೂ ಕೆಟ್ಟದ್ದಂತೆ. "ಹೇಳ್ಬೇಕು ಅನ್ಸಿದ್ದನ್ನೆಲ್ಲ ಬರೀರಿ" ಎಂದರು. ಹಾಗಾಗಿ ಈ ಡೈರಿ. ತಲೆಗೆಣ್ಣೆ ಕಂಪನಿಯವರು ಹೊಸವರ್ಷಕ್ಕೆ ಪುಕ್ಕಟೆ ಕೊಟ್ಟದ್ದು, ಪ್ರತಿ ಪುಟದ ಮೂಲೆಯಲ್ಲೂ ಸೊಂಪಾದ ಕೂದಲಿನ ಹೆಣ್ಣೊಬ್ಬಳು ನಗುತ್ತಾಳೆ.

ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸುತ್ತಾರೆ. ಅದು ರೂಢಿ, ಗಾಬರಿ ಬೇಡ ಎಂದರು. ನನಗೆ ಗಾಬರಿಯಾಗಿಲ್ಲ. ರೂಢಿ ಎಂದು ಬರೆದಿಡುತ್ತಿದ್ದೇನೆ, ಅಷ್ಟೇ.

ನಿಜವಾದ ಸಂಕಟ ಬೇರೆ. ಏಪ್ರಿಲ್ ೧೩ಕ್ಕೆ ಕಾಲೇಜಿನಲ್ಲಿ ತಂಡಕ್ಕೆ ಸನ್ಮಾನ. ಅದರಲ್ಲಿ "ಅಭಿಮಾನಿಗಳ ಮೆಚ್ಚಿನ ಕ್ಷಣ" ಎಂದೊಂದು ಕಾರ್ಯಕ್ರಮ. ಮೊದಲ ಭಾಷಣ ನನ್ನದೇ ಎಂದು ಕಾಲೇಜಿನ ಗುಮಾಸ್ತರು ಅಂಗಡಿಗೇ ಬಂದು ಹೇಳಿಹೋದರು. ಇಷ್ಟು ವರ್ಷ ಯಾರೂ ಕೇಳದೆಯೇ ಮಾತಾಡಿದೆ. ಈಗ ಮೊದಲ ಸಲ ಒಬ್ಬರು ಕೇಳಿದ್ದಾರೆ, ಗಂಟಲು ಕೈಕೊಟ್ಟಿದೆ.

ಮಾರ್ಚ್ ೭, ಗುರುವಾರ

ಮನೆಗೆ ಬಂದೆ. ಹೆಂಡತಿ ಒಂದು ಸ್ಲೇಟು, ಬಳಪ ತಂದಿಟ್ಟಿದ್ದಾಳೆ. ಬೆಳಿಗ್ಗೆಯಿಂದ ಅದರಲ್ಲಿ ಹನ್ನೆರಡು ಸಲ ಅವಳನ್ನು ಕರೆದೆ. ಸ್ಲೇಟಿನಲ್ಲಿ ಕರೆದರೆ ಅಡುಗೆಮನೆಗೆ ಕೇಳಿಸುವುದಿಲ್ಲ ಎಂಬುದು ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು.

ಮನೆ ತುಂಬ ಅವಳ ಹೊಲಿಗೆ ಮೆಷಿನ್ನಿನ ಸದ್ದು. ಇದು ಇಷ್ಟು ಜೋರಾಗಿತ್ತೇ ಮುಂಚೆ?

ಮಾರ್ಚ್ ೧೧, ಸೋಮವಾರ

ಅಂಗಡಿ ತೆರೆದೆ. ಹೆಂಡತಿ ರಟ್ಟಿನ ಮೇಲೆ ಬರೆದುಕೊಟ್ಟದ್ದನ್ನು ಕನ್ನಡಿಗೆ ಅಂಟಿಸಿದೆ: "ಮಾಲೀಕರು ಮಾತಾಡುವಂತಿಲ್ಲ. ಕತ್ತರಿ ಎಂದಿನಂತೆ." ಓದಿದವರೆಲ್ಲ ಒಂದು ಕ್ಷಣ ನಿಂತು, ನನ್ನ ಮುಖ ನೋಡಿ, ಆಮೇಲೆ ಕುರ್ಚಿಯಲ್ಲಿ ಎಂದೂ ಇಲ್ಲದಷ್ಟು ನಿರಾಳವಾಗಿ ಒರಗಿದರು. ನನಗೆ ನೋವಾಯಿತು. ಬರೆದು ತಿಳಿಸೋಣವೆಂದರೆ ಎರಡೂ ಕೈಯಲ್ಲಿ ಕೆಲಸ.

ನಿವೃತ್ತ ಗಣಿತದ ಮೇಷ್ಟ್ರು ಬಂದರು. ಅವರ ತಲೆಯಲ್ಲಿ ಕತ್ತರಿಸಲು ಹೆಚ್ಚೇನಿಲ್ಲ, ಆದರೂ ತಿಂಗಳಿಗೊಮ್ಮೆ ತಪ್ಪಿಸುವುದಿಲ್ಲ. ಅವರೂ ಪ್ರತಿ ಆಟಕ್ಕೆ ಬರುವವರೇ. ಬಟ್ಟೆ ಹೊದಿಸಿ ನಿಂತೆ. ಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕಾದರು. ನಾನೂ ಕಾದೆ. ಕಡೆಗೆ ಅವರೇ ಶುರು ಮಾಡಿದರು.

"ನೀವು ಸಮಾರಂಭದಲ್ಲಿ ಸೆಮಿಫೈನಲ್ ಬಗ್ಗೆ ಹೇಳ್ತೀರಂತೆ. ಎಲ್ರೂ ಅದನ್ನೇ ಹೇಳ್ತಾರೆ. ನನಗೆ ಬೇರೆ ಇದೆ, ಹೇಳ್ಲಾ?"

ಹದಿನೈದು ವರ್ಷದ ಗಿರಾಕಿ, "ಹೇಳ್ಲಾ" ಎಂದು ಅನುಮತಿ ಕೇಳಿದರು. ತಲೆಯಾಡಿಸಿದೆ.

"ಸೀಸನ್ನಿನ ಮೊದಲ್ನೇ ಆಟ ನೆನಪಿದೆಯಾ? ಒಂದೇ ಪಾಯಿಂಟಿಂದ ಸೋತ್ವಿ. ನಲವತ್ತು ಪಾಯಿಂಟಿಂದ ಸೋಲೋರು ಒಂದೇ ಪಾಯಿಂಟಿಂದ. ಆಟ ಮುಗಿದ ಮೇಲೆ ಆ ಉದ್ದದ ಹುಡುಗಿ, ನೀವು ಏಣಿ ಅಂತ ಹೆಸರಿಟ್ಟಿದ್ದೀರಲ್ಲ, ಅವಳು ಕಂಬಕ್ಕೆ ಹಣೆ ಇಟ್ಕೊಂಡು ಅತ್ತಳು. ನಾನು ಒಂಬತ್ತು ವರ್ಷ ನೋಡಿದ್ದೀನಿ. ನಮ್ಮ ಹುಡುಗೀರು ಸೋತು ನಗ್ತಾ ನಗ್ತಾ ಹೋಗ್ತಿದ್ರು. ಅಳು ಬಂತು ಅಂದ್ರೆ ಗೆಲ್ಲಬಹುದಿತ್ತು ಅಂತ ಅವಳಿಗೆ ಅನ್ನಿಸಿದೆ ಅಂತ ತಾನೆ ಅರ್ಥ? ಮನೆಗೆ ಹೋಗಿ ನಮ್ಮವಳಿಗೆ ಹೇಳ್ದೆ, ಈ ವರ್ಷ ಏನೋ ಆಗುತ್ತೆ ಕಣೇ ಅಂತ."

ನನಗೆ ಏಣಿ ಅತ್ತದ್ದು ನೆನಪಿರಲಿಲ್ಲ. ನೆನಪಿರುವುದು ಹೇಗೆ? ಆ ದಿನ ರೆಫರಿಯ ಜೊತೆ ಗೆರೆಯ ವಿಷಯಕ್ಕೆ ಜಗಳ ತೆಗೆದು, ಈ ತಂಡ ಏಳೇಳು ಜನ್ಮಕ್ಕೂ ಉದ್ಧಾರವಾಗುವುದಿಲ್ಲ ಎಂದು ಸಾರಿ, ಆಟ ಮುಗಿಯುವ ಮುಂಚೆಯೇ ಎದ್ದು ಬಂದಿದ್ದೆ. ಇದನ್ನು ಮೇಷ್ಟ್ರಿಗೆ ಹೇಳಲಿಲ್ಲ. ವೈದ್ಯರ ಆಜ್ಞೆ.

ಹೋಗುವಾಗ ಮೇಷ್ಟ್ರು "ಇವತ್ತು ನಿಮ್ಮ ಹತ್ರ ಮಾತಾಡಿದ್ದು ಬಹಳ ಸಂತೋಷ ಆಯ್ತು" ಎಂದರು. ನಾನು ಏನು ಮಾತಾಡಿದೆನೋ ದೇವರಿಗೇ ಗೊತ್ತು.

ಮಾರ್ಚ್ ೧೩, ಬುಧವಾರ

ವರದಿ ಬಂದಿಲ್ಲ.

ಮಾರ್ಚ್ ೧೫, ಶುಕ್ರವಾರ

ವರದಿ ಬಂದಿಲ್ಲ. ಅಂಗಡಿಯಲ್ಲಿ ಬೆಂಚು ತುಂಬಿ ಜನ ಹೊರಗೆ ನಿಂತಿದ್ದಾರೆ. ಬಾಯಿ ಮುಚ್ಚಿದ ಮೇಲೆ ವ್ಯಾಪಾರ ಕುದುರಿದೆ ಎಂದು ಬರೆದುಕೊಳ್ಳಲು ಕೈ ಬರುವುದಿಲ್ಲ, ಆದರೆ ಕುದುರಿದೆ. ಹಳೇ ಗಿರಾಕಿಗಳಲ್ಲಿ ನಾಲ್ಕು ಜನ ಎಷ್ಟೋ ವರ್ಷದ ಮೇಲೆ ಮರಳಿ ಬಂದಿದ್ದಾರೆ. ಊರು ಬಿಟ್ಟಿದ್ದಾರೆಂದುಕೊಂಡಿದ್ದೆ. ಬಿಟ್ಟಿದ್ದು ನನ್ನನ್ನು.

ಕಾಲೇಜು ಬಸ್ಸಿನ ಡ್ರೈವರ್ ಶೇವಿಂಗಿಗೆ ಬಂದ. ಸೋಮವಾರದಿಂದ ಎಲ್ಲರೂ ತಂತಮ್ಮ ಮೆಚ್ಚಿನ ಕ್ಷಣ ಹೇಳಿಹೋಗುತ್ತಿದ್ದಾರೆ, ನನ್ನ ಕುರ್ಚಿಯೇ ಸಾಕ್ಷಿ ಹೇಳುವ ಕಟಕಟೆಯಾಗಿದೆ. ಆದರೆ ಡ್ರೈವರ್ ಮಾತಿನ ಮನುಷ್ಯನಲ್ಲ. ಗಲ್ಲಕ್ಕೆ ನೊರೆ ಹಚ್ಚಿದ ಮೇಲೆ, ಬ್ಲೇಡು ಕುತ್ತಿಗೆಯ ಹತ್ತಿರವಿದ್ದಾಗ ಶುರು ಮಾಡಿದ. ಬ್ಲೇಡು ಎತ್ತಿ ಹಿಡಿದು ನಿಂತೆ.

"ಅಣ್ಣಾ, ಸೆಮಿಫೈನಲ್ ದಿನ ನಾನು ಆಟ ನೋಡ್ಲೇ ಇಲ್ಲ. ಬಸ್ ಟೈರ್ ಪಂಕ್ಚರ್ ಆಗಿತ್ತು, ಅದನ್ನ ಹಾಕ್ತಾ ಇದ್ದೆ. ಒಳಗಿಂದ ಕೂಗಾಟ ಬಂತು, ಗೆದ್ರು ಅಂತ ಗೊತ್ತಾಯ್ತು."

ಇಲ್ಲಿ ನಾನು ತಡೆಯಬೇಕಿತ್ತು. ಸೆಮಿಫೈನಲ್ ಪರ ಊರಲ್ಲಿ ನಡೆದದ್ದು. ಮುಗಿಯಲು ಕ್ಷಣಗಳಿವೆ ಎನ್ನುವಾಗ ನಾವು ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ ಅಂಕಣದ ಅರ್ಧದಿಂದ ಚೆಂಡೆಸೆದು ಗೆಲ್ಲಿಸಿದ್ದು. ಅವಳು ಎಸೆದದ್ದು ನಾನು "ಎಸಿ" ಎಂದು ಗಂಟಲು ಹರಿಯುವಂತೆ ಕೂಗಿದ್ದಕ್ಕೇ. ಈ ಕಥೆಯನ್ನು ಕಳೆದ ತಿಂಗಳು ಊರಿನ ಪ್ರತಿ ತಲೆಗೂ ಹೇಳಿದ್ದೇನೆ, ಕೆಲವು ತಲೆಗೆ ಎರಡು ಸಲ. ಇವನಿಗೂ ಹೇಳಿದ್ದೆ. ಆಗ ಪಂಕ್ಚರಿನ ಸುದ್ದಿ ಹೇಳಲು ಅವನಿಗೆ ಜಾಗ ಸಿಕ್ಕಿರಲಾರದು.

"ವಾಪಸ್ ಬರುವಾಗ ಸ್ವಲ್ಪ ಹೊತ್ತು ಹಾಡು ಹೇಳಿದ್ರು. ಆಮೇಲೆ ಒಬ್ಬೊಬ್ಬರೇ ಮಲಗಿದ್ರು. ಕೋಚ್ ಮೇಡಂ ಕೂಡ, ಕಿಟಕಿಗೆ ತಲೆ ಆನಿಸಿ, ಬಾಯಿ ತೆರ್ಕೊಂಡು. ಸಂಜೆ ಬಿಸಿಲು ಇನ್ನೂ ಇತ್ತು. ಸೋತ ದಿನ ಯಾರೂ ಮಲಗಲ್ಲ ಅಣ್ಣಾ, ಫೋನ್ ನೋಡ್ತಾ ಕೂತಿರ್ತಾರೆ. ಒಂಬತ್ತು ವರ್ಷಕ್ಕೆ ಮೊದಲ ಸಲ ಬಸ್ ತುಂಬಾ ನಿದ್ದೆ. ಉಬ್ಬು ಬಂದ್ರೆ ಎದ್ದುಬಿಡ್ತಾರೆ ಅಂತ ನಡಿಗೆ ಥರ ಓಡಿಸಿದೆ. ಹಿಂದೆ ಒಬ್ಬ ಲಾರಿಯವನು ಹಾರ್ನ್ ಮೇಲೆ ಹಾರ್ನ್. ಗಾಡಿ ನಿಲ್ಲಿಸಿ ಇಳಿದು ಹೋದೆ. ಹೊಡೆಯೋಕೆ ಬಂದೆ ಅಂದ್ಕೊಂಡ. ಒಳಗೆ ಮಕ್ಕಳು ಮಲಗಿದ್ದಾರಪ್ಪಾ, ಗೆದ್ದು ಬಂದಿದ್ದಾರೆ ಅಂದೆ. ಅವನು ಇಳಿದು ಬಂದು ಕಿಟಕೀಲಿ ಇಣುಕಿ ನೋಡ್ದ. ಊರು ಬರೋವರೆಗೂ ಹಿಂದೇನೇ ಬಂದ ಅಣ್ಣಾ, ಒಂದು ಹಾರ್ನ್ ಇಲ್ಲ."

ನೊರೆ ಒಣಗಿಹೋಗಿತ್ತು. ಮತ್ತೆ ಹಚ್ಚಿದೆ.

ಇವನ ಕ್ಷಣದಲ್ಲಿ ಆಟವೇ ಇಲ್ಲವಲ್ಲ ಎಂದು ಬೆಂಚಿನಲ್ಲಿ ಕೂತವನೊಬ್ಬ ನಕ್ಕ. ಅವನ ಸರದಿ ಬಂದಾಗ ಮೆಷಿನ್ನನ್ನು ಸ್ವಲ್ಪ ಒತ್ತಿಯೇ ಆಡಿಸಿದೆ. ಯಾಕೋ ತಿಳಿಯದು.

ಮಾರ್ಚ್ ೧೬, ಶನಿವಾರ

ವರದಿ ಇಲ್ಲ. ಫೋನ್ ಮಾಡಿ ಕೇಳು ಎಂದು ಸ್ಲೇಟಿನಲ್ಲಿ ಬರೆದೆ. ಆಗಲೇ ಎರಡು ಸಲ ಮಾಡಿದೆ ಎಂದಳು. ನನಗೆ ಗೊತ್ತೇ ಆಗಿರಲಿಲ್ಲ.

ಮಾರ್ಚ್ ೧೯, ಮಂಗಳವಾರ

ಕೆಟ್ಟದ್ದೇನೂ ಇಲ್ಲ. ಬರೀ ಗಂಟು. ಬರೀ ಮಾತಿನ ಗಂಟು.

ಡಾಕ್ಟರ್ ಇದನ್ನು ಹೇಳಿದಾಗ ನಾನು ಗಂಡಸಿನ ಹಾಗೆ ಗಂಭೀರವಾಗಿ ತಲೆಯಾಡಿಸಿದೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಡುವೆಯೇ ಕೂತೆ. ಹೆಂಡತಿಯೂ ಕೂತಳು. ಹತ್ತುವವರು ಇಳಿಯುವವರು ನಮ್ಮನ್ನು ಸುತ್ತಿಕೊಂಡು ಹೋದರು. ಅವಳು ತನ್ನ ಚೀಲದಿಂದ ಅರ್ಧ ಹೊಲಿದ ತೋಳೊಂದನ್ನು ತೆಗೆದು ನೋಡಿ ಮತ್ತೆ ಒಳಗಿಟ್ಟಳು. ಇಲ್ಲಿಗೆ ಅದನ್ನು ಯಾಕೆ ತಂದಿದ್ದಳೋ.

ಆದರೆ ಊತ ಇನ್ನೂ ಇದೆಯಂತೆ, ಇನ್ನೆರಡು ವಾರ ಮೌನ. ಆಮೇಲೆ ದಿನಕ್ಕೆ ಸ್ವಲ್ಪ ಮೆಲುಮಾತು. ಸಮಾರಂಭದಲ್ಲಿ ಐದು ನಿಮಿಷ ಮಾತಾಡಬಹುದು. ಕಡೆಗೆ, ಬಾಗಿಲ ಹತ್ತಿರ ಬಂದಾಗ, ಮರೆತದ್ದನ್ನು ನೆನಪಿಸಿಕೊಂಡವರಂತೆ ಡಾಕ್ಟರ್ ಹೇಳಿದರು: "ಕೂಗೋದು ಮಾತ್ರ ಮುಗೀತು. ಆಟಕ್ಕೆ ಹೋಗಿ, ಕೂತು ನೋಡಿ. ಕೂಗಿದ್ರೆ ಇದು ಮತ್ತೆ ಬರುತ್ತೆ."

ಮಾರ್ಚ್ ೨೦, ಬುಧವಾರ

ಕೂಗೋದು ಮುಗೀತಂತೆ. ಮೀನಿಗೆ ಈಜು ಮುಗಿಯಿತು ಎಂದಂತೆ. ಕಾಲೇಜಿನ ಅಂಕಣದಲ್ಲಿ ನನ್ನ ಜಾಗ ಎಲ್ಲರಿಗೂ ಗೊತ್ತು: ಬುಟ್ಟಿಯ ಹಿಂದಿನ ಮೂರನೆಯ ಮೆಟ್ಟಿಲು. ಎದುರಾಳಿ ಫ್ರೀ ಥ್ರೋ ಎಸೆಯುವಾಗ ನಾನು ಒಂದು ಕೂಗು ಹಾಕಿದರೆ ಮರದ ಹಕ್ಕಿಗಳು ಏಳುತ್ತಿದ್ದವು. ಇನ್ನು ಅಲ್ಲಿ ಕೂತು ಏನು ಮಾಡಲಿ? ಕೂದಲು ಎಣಿಸಲೇ?

ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಹೆಂಡತಿ ಬಟ್ಟೆಗೆ ಇಸ್ತ್ರಿ ಹಾಕುತ್ತ "ಪರವಾಗಿಲ್ಲ ಬಿಡಿ, ಕೂಗದೇನೂ ಆಟ ನೋಡಬಹುದು" ಎಂದಳು. ಸಮಾಧಾನಕ್ಕೆ ಹೇಳಿದ್ದು. ನನ್ನೊಳಗಿದ್ದದ್ದೆಲ್ಲ ಬಳಪಕ್ಕೆ ಬಂತು. ಬರೆದೆ: "ನಿನಗೇನು ಗೊತ್ತು. ನೀನು ಆಟ ನೋಡುವವಳೇ ಅಲ್ಲ. ಫ್ಲಾಸ್ಕ್ ಹೊರುವವಳು."

ಬಾಯಲ್ಲಿ ಆಡಿದ್ದರೆ ಗಾಳಿಗೆ ಹೋಗುತ್ತಿತ್ತು. ಬರೆದದ್ದು ಅಲ್ಲೇ ಇತ್ತು, ಅವಳು ಎರಡು ಸಲ ಓದಿದಳು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದಳು. ಸ್ಲೇಟನ್ನು ನನಗೆ ಕೊಡದೆ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು.

"ನಾನು ನಿಮ್ಮ ಪಕ್ಕ ಕೂರದೆ ಎದುರುಗಡೆ ಹೋಗಿ ಯಾಕೆ ಕೂರ್ತೀನಿ ಗೊತ್ತಾ?"

ಗೊತ್ತಿರಲಿಲ್ಲ. ಅವಳು ಎಲ್ಲಿ ಕೂರುತ್ತಾಳೆ ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ವಿರಾಮದಲ್ಲಿ ಫ್ಲಾಸ್ಕ್ ಬರುತ್ತಿತ್ತು, ಅದರ ಹಿಂದೆ ಅವಳು ಬರುತ್ತಿದ್ದಳು.

"ನಿಮ್ಮ ಪಕ್ಕ ಕೂತ್ರೆ ಕಿವಿ ಹೋಗುತ್ತೆ, ಅದೊಂದು. ಆ ಕಡೆಯಿಂದ ಆಟಾನೂ ಕಾಣುತ್ತೆ, ನೀವೂ ಕಾಣ್ತೀರಿ, ಅದು ಇನ್ನೊಂದು. ಊರವರೆಲ್ಲ ಬಂದು ನಿಮಗೆ ಅವರವರ ಕ್ಷಣ ಹೇಳ್ತಿದ್ದಾರೆ. ನನ್ನದು ಯಾವುದು ಅಂತ ಕೇಳಿದ್ರಾ?"

ಸ್ಲೇಟು ಅವಳ ಬಳಿಯಿತ್ತು. ಇಲ್ಲ ಎಂದು ತಲೆಯಾಡಿಸಿದೆ.

"ಫೈನಲ್. ಮೂರನೇ ಕ್ವಾರ್ಟರು. ಗುಬ್ಬಿ ಬಿದ್ದಳಲ್ಲ, ಕಾಲು ಹೊರಳಿ. ಏಳಲೇ ಇಲ್ಲ. ಅವಳಿಗೆ ಏನಾಯ್ತೋ ಅಂತ ಎಲ್ರೂ ಅವಳನ್ನ ನೋಡ್ತಿದ್ರು. ನಾನು ನಿಮ್ಮನ್ನ ನೋಡಿದೆ, ಈಗ ರೆಫರಿಗೆ ಗ್ರಹಚಾರ ಬಿಡಿಸ್ತಾರೆ ಅಂತ. ನೀವು ಕೂತುಬಿಟ್ರಿ. ನಿಮ್ಮ ಪಕ್ಕ ಎದುರಾಳಿ ಕಾಲೇಜಿನ ಹಳದಿ ಅಂಗಿಯವನೊಬ್ಬ ಇದ್ದ, ಅಲ್ಲೀವರೆಗೂ ಅವನ ಜೊತೆ ಜಗಳ ಆಡ್ತಾ ಇದ್ರಿ. ಅವನ ಕೈ ಹಿಡ್ಕೊಂಡ್ರಿ. ಎರಡೂ ಕೈಯಲ್ಲಿ. ಅವನೂ ಬಿಡಿಸ್ಕೊಳ್ಳಲಿಲ್ಲ. ನಿಮ್ಮ ಬಾಯಿ ಅಲ್ಲಾಡ್ತಾ ಇತ್ತು, ಸದ್ದಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ನೀವು ಮಾತಿಲ್ಲದೆ ಇದ್ದದ್ದು ಅವತ್ತೇ ನೋಡಿದ್ದು. ಸ್ಟ್ರೆಚರಲ್ಲಿ ಗುಬ್ಬಿ ಕೈ ಎತ್ತೋವರೆಗೂ ಹಾಗೇ ಕೂತಿದ್ರಿ. ನಿಮ್ಮ ಹತ್ರ ಬರೋಣ ಅಂತ ಎದ್ದೆ, ಜನ ಬಿಡಲಿಲ್ಲ. ಅಲ್ಲೇ ನಿಂತು ನೋಡಿದೆ. ಅದು ನನ್ನದು."

ಆಮೇಲೆ ಏಣಿ ಹದಿನಾಲ್ಕು ಪಾಯಿಂಟ್ ಹೊಡೆದದ್ದು, ಕಪ್ ಎತ್ತಿದ್ದು ಎಲ್ಲ ನನಗೆ ನೆನಪಿದೆ. ಹಳದಿ ಅಂಗಿ ನೆನಪಿಲ್ಲ. ಗುಬ್ಬಿ ಬಿದ್ದಾಗ ನಾನು "ಫೌಲ್ ಫೌಲ್" ಎಂದು ಕೂಗಿದೆನೆಂದೇ ನಂಬಿದ್ದೆ, ಹತ್ತಾರು ಜನಕ್ಕೆ ಹಾಗೆಂದೇ ಹೇಳಿದ್ದೆ.

ಸ್ಲೇಟು ಕೊಟ್ಟಳು. ಏನು ಬರೆಯುವುದು? ಕಡೆಗೆ ಬರೆದೆ: "ಆ ಹಳದಿ ಅಂಗಿಯವನು ಯಾರು?"

"ನನಗೇನು ಗೊತ್ತು? ಕೈ ಹಿಡ್ಕೊಂಡವರು ನೀವು."

ಇಸ್ತ್ರಿಗೆ ಎದ್ದಳು. ಮಧ್ಯಾಹ್ನ ಅಂಗಡಿ ತೆರೆದೆ.

ಮಾರ್ಚ್ ೨೧, ಗುರುವಾರ

ಇವತ್ತು ಫ್ಲಾಸ್ಕಿಗೆ ನೀರು ನಾನೇ ಕಾಯಿಸಿ ತುಂಬಿದೆ. ಅಂಗಡಿಗೆ ಹೊತ್ತಾಗಿತ್ತು, ಅವಳು ಸ್ನಾನಕ್ಕೆ ಹೋಗಿದ್ದಳು. ವಿಶೇಷವೇನೂ ಇಲ್ಲ.

ಏಪ್ರಿಲ್ ೨, ಮಂಗಳವಾರ

ಡಾಕ್ಟರ್ "ಆ ಅನ್ನಿ" ಎಂದರು. ಅಂದೆ. ಹಿಂದೆ ಯಾರು ಬಂದರೆಂದು ತಿರುಗಿ ನೋಡಿದೆ. ನನ್ನದೇ ದನಿ. ತೆಳ್ಳಗೆ, ಒಣಗಿದ ಎಲೆಯ ಮೇಲೆ ನಡೆದಂತೆ. ಇದು ಹೀಗೇ ಇರುತ್ತದಾ ಎಂದು ಕೇಳಿದೆ. ಇನ್ನೂ ಸ್ವಲ್ಪ ತುಂಬಿಕೊಳ್ಳುತ್ತದೆ, ಮೊದಲಿನಂತೆ ಆಗಲಾರದು ಎಂದರು.

ದಾರಿಯಲ್ಲಿ ಹೆಂಡತಿಗೆ ಏನಾದರೂ ಹೇಳಬೇಕಲ್ಲ, ಇಷ್ಟು ದಿನದ ಮೇಲೆ ಮೊದಲ ಮಾತು. ಒಳ್ಳೆಯದನ್ನೇ ಹೇಳಬೇಕೆಂದು ಯೋಚಿಸುತ್ತ ಯೋಚಿಸುತ್ತ ಮನೆ ಬಂತು. "ಬೀಗದ ಕೈ ಎಲ್ಲಿ?" ಎಂದೆ.

ಏಪ್ರಿಲ್ ೧೨, ಶುಕ್ರವಾರ

ನಾಳೆ ಸಮಾರಂಭ. ಭಾಷಣ ಒಂಬತ್ತು ಹಾಳೆಯಾಗಿದೆ. ಅದರಲ್ಲಿ ಸೆಮಿಫೈನಲ್ ಆರು ಹಾಳೆ, ಆ ಆರರಲ್ಲಿ ಚೆಂಡು ಒಂದು ಹಾಳೆ, ಉಳಿದದ್ದು ನಾನು. ಬರೆಯುವಾಗ ಇದು ಕಾಣಲಿಲ್ಲ, ಓದುವಾಗ ಕಂಡಿತು. ಹೆಂಡತಿಯ ಮುಂದೆ ಓದಿ ಸಮಯ ನೋಡಿಕೊಂಡೆ. ಐದು ನಿಮಿಷಕ್ಕೆ ಗುಬ್ಬಿಯ ಕೈಗೆ ಚೆಂಡೇ ಬಂದಿರಲಿಲ್ಲ, ನಾನಿನ್ನೂ ಆ ಊರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುತ್ತಿದ್ದೆ.

"ಚೆನ್ನಾಗಿದೆ" ಎಂದಳು. ಅವಳು ಚೆನ್ನಾಗಿದೆ ಎನ್ನುವ ರೀತಿ ನನಗೆ ಈಚೆಗೆ ತಿಳಿಯತೊಡಗಿದೆ. ಚೆನ್ನಾಗಿಲ್ಲ.

"ನಿನ್ನದನ್ನು ಹೇಳಲಾ?" ಎಂದು ಕೇಳಿದೆ.

"ಬೇಡ" ಎಂದಳು. "ಅದು ನನ್ನದು."

ಸಂಜೆ ಬಸ್ ಡ್ರೈವರನ ಮನೆ ಹುಡುಕಿಕೊಂಡು ಹೋಗಿ ಬಂದೆ.

ಏಪ್ರಿಲ್ ೧೪, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ತಂಡ, ತುದಿಯಲ್ಲಿ ಊರುಗೋಲು ಒರಗಿಸಿಕೊಂಡು ಗುಬ್ಬಿ. ನನ್ನ ಹೆಸರು ಕರೆದಾಗ ಹುಡುಗರು ಶಿಳ್ಳೆ ಹೊಡೆದರು. ಎಂಥ ಗುಡುಗು ಬರುತ್ತದೋ ಎಂದು ಮೈಕಿನವನು ಸದ್ದು ತಗ್ಗಿಸಿದ. ನಾನು ಬಾಯಿ ತೆರೆದೆ, ಯಾರಿಗೂ ಏನೂ ಕೇಳಲಿಲ್ಲ. ಅವನು ಗಡಿಬಿಡಿಯಲ್ಲಿ ಸದ್ದು ಏರಿಸಿದ, ಮೈಕು ಕಿರುಚಿತು, ಎಲ್ಲರೂ ಕಿವಿ ಮುಚ್ಚಿಕೊಂಡರು. ಒಟ್ಟಿನಲ್ಲಿ ನನ್ನ ಸಭೆ ನನ್ನಂತೆಯೇ ಶುರುವಾಯಿತು.

"ನಾನು ಹೇಳೋದು ನನ್ನದಲ್ಲ" ಎಂದೆ. "ನಮ್ಮ ಬಸ್ ಡ್ರೈವರಣ್ಣಂದು. ಅವರನ್ನ ಕೇಳಿದ್ದೀನಿ. ನೀವೇ ಹೇಳಿ ಅಂದ್ರೆ ಸ್ಟೇಜಿಗಿಂತ ಘಾಟಿ ರಸ್ತೇನೇ ವಾಸಿ ಅಂದ್ರು."

ಒಂಬತ್ತು ಹಾಳೆ ಜೇಬಿನಲ್ಲೇ ಇತ್ತು. ಅಷ್ಟು ಓದಲು ಗಂಟಲಿರಲಿಲ್ಲ, ಚಿಕ್ಕ ಕಥೆ ಆರಿಸಿಕೊಂಡೆ, ಅಷ್ಟೇ ಕಾರಣ. ಪಂಕ್ಚರ್, ಸಂಜೆ ಬಿಸಿಲು, ಬಸ್ ತುಂಬ ನಿದ್ದೆ, ಲಾರಿಯವನು. ಕೋಚ್ ಮೇಡಂ ಬಾಯಿ ತೆರೆದು ಮಲಗಿದ್ದನ್ನು ಬಿಟ್ಟೆ. ಮೇಡಂ ಎದುರಿಗೇ ಕೂತಿದ್ದರು. ಹಿಂದೆ ನಾನು ಮಾತಾಡುವಾಗ ಜನ ಕುರ್ಚಿಗೆ ಒರಗುತ್ತಿದ್ದರು. ಈ ಸಲ ಕೇಳಿಸುವುದಿಲ್ಲವೆಂದು ಮುಂದಕ್ಕೆ ಬಾಗಿದರು. ಅಷ್ಟೂ ಜನ ಬಾಗಿದ್ದು ನೋಡಿ ಹೆದರಿಕೆಯಾಗಿ ಇನ್ನೂ ಮೆಲ್ಲಗೆ ಮಾತಾಡಿದೆ. ಹಿಂದಿನ ಬಾಗಿಲಲ್ಲಿ ನಿಂತಿದ್ದ ಡ್ರೈವರ್ "ಒಂದು ಹಾರ್ನ್ ಇಲ್ಲ" ಎನ್ನುವ ಮಾತು ಬರುತ್ತಿದ್ದಂತೆ ಹೊರಗೆ ಹೋದ. ಚಪ್ಪಾಳೆ ಬಿದ್ದಾಗ ಅವನಿರಲಿಲ್ಲ.

ಮೇಷ್ಟ್ರೂ ಮಾತಾಡಿದರು, ಏಣಿಯ ಅಳುವಿನ ಬಗ್ಗೆ. ಏಣಿ ಮುಖ ಮುಚ್ಚಿಕೊಂಡಳು. ಉಳಿದ ಏಳು ಜನ ಸೆಮಿಫೈನಲ್ ಹೇಳಿದರು. ಅದರಲ್ಲಿ ಇಬ್ಬರು ಗುಬ್ಬಿ ಚೆಂಡೆಸೆದದ್ದು ತಾವು ಕೂಗಿದ್ದಕ್ಕೇ ಎಂದರು. ಎಂಥ ಜನ.

ಮುಗಿದ ಮೇಲೆ ಗುಬ್ಬಿ ಊರುಗೋಲು ಊರಿಕೊಂಡು ನನ್ನ ಹತ್ತಿರ ಬಂದಳು.

"ಅಂಕಲ್, ಆ ಬಸ್ಸಲ್ಲಿ ನಾನು ಮಲಗಿರ್ಲಿಲ್ಲ. ಕಣ್ಣು ಮುಚ್ಕೊಂಡಿದ್ದೆ ಅಷ್ಟೆ. ಡ್ರೈವರಣ್ಣ ಇಳಿದು ಹೋದದ್ದು, ಲಾರಿಯವರು ಇಣುಕಿದ್ದು ಎಲ್ಲಾ ಗೊತ್ತು. ಎದ್ದಿದ್ದೀನಿ ಅಂತ ಗೊತ್ತಾದ್ರೆ ಅವರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

"ಮತ್ತೆ ಈಗ ಯಾಕಮ್ಮ ಹೇಳಿದೆ?"

"ನೀವು ಯಾರಿಗೂ ಹೇಳಲ್ಲ ಅನ್ನಿಸ್ತು."

ನನ್ನ ಬಗ್ಗೆ ಈ ಊರಿನಲ್ಲಿ ಇಂಥ ಅಭಿಪ್ರಾಯ ಇಟ್ಟುಕೊಂಡವರು ಇವಳೊಬ್ಬಳೇ ಇರಬೇಕು. ಕಾಲು ಹೇಗಿದೆ ಎಂದು ಕೇಳಿದೆ. ಜುಲೈ ಹೊತ್ತಿಗೆ ಆಡಬಹುದಂತೆ. "ಮೂಳೆ ಕೂಡುತ್ತೆ ಅಂಕಲ್. ಹಾರೋಕೆ ಆಗುತ್ತೋ ಇಲ್ವೋ. ನಿದ್ದೇಲೂ ಬೀಳ್ತಾ ಇರ್ತೀನಿ" ಎಂದಳು. ಮೊದಲಾಗಿದ್ದರೆ ಅವಳಿಗೆ ಅರ್ಧ ಗಂಟೆ ಧೈರ್ಯ ಹೇಳುತ್ತಿದ್ದೆ. ಐದು ನಿಮಿಷದ ಕೋಟಾ ಮುಗಿದಿತ್ತು. ಅವಳ ಚೀಲ ತೆಗೆದುಕೊಂಡು ಗೇಟಿನವರೆಗೆ ಜೊತೆಗೆ ನಡೆದೆ.

ಜುಲೈ ೨೦, ಶನಿವಾರ

ಡೈರಿ ಮರೆತೇ ಹೋಗಿತ್ತು. ಮಾತು ಬಂದ ಮೇಲೆ ಬರೆಯುವುದಕ್ಕೇನಿದೆ? ಬಂದದ್ದು ಎಷ್ಟೋ ಅಷ್ಟು. ಕನ್ನಡಿಗೆ ಅಂಟಿಸಿದ ರಟ್ಟು ತೆಗೆಯಲು ಹೋದರೆ ಗಿರಾಕಿಗಳು ಇರಲಿ ಬಿಡಿ ಎನ್ನುತ್ತಾರೆ.

ಇವತ್ತು ಹೊಸ ಸೀಸನ್ನಿನ ಮೊದಲ ಆಟ. ಆರು ಪಾಯಿಂಟಿನಿಂದ ಸೋತೆವು. ಅದನ್ನು ಮೊದಲೇ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಬುಟ್ಟಿಯ ಹಿಂದಿನ ಮೂರನೆಯ ಮೆಟ್ಟಿಲಿಗೆ ಹೋಗಲಿಲ್ಲ. ಎದುರಿನ ಬದಿಯಲ್ಲಿ ಹೆಂಡತಿಯ ಪಕ್ಕ ಕೂತೆ. ಅವಳು ಜರುಗಿ ಜಾಗ ಮಾಡಿಕೊಟ್ಟಳು. ಅಲ್ಲಿಂದ ನನ್ನ ಹಳೇ ಜಾಗ ಚೆನ್ನಾಗಿ ಕಾಣುತ್ತದೆ. ಅಲ್ಲೊಬ್ಬ ಕೆಂಪು ಟೋಪಿಯವನು ಕೂತು ರೆಫರಿಯ ಮೇಲೆ ಕಿರುಚುತ್ತಿದ್ದ. ಎಷ್ಟು ಅಸಹ್ಯವಾಗಿ ಕಾಣುತ್ತದೆ ಎಂದು ಹೆಂಡತಿಗೆ ಹೇಳಿದೆ. ಅವಳು ಬೇರೆ ಕಡೆ ಮುಖ ತಿರುಗಿಸಿದಳು. ಭುಜ ಅಲುಗಿತು.

ಗುಬ್ಬಿ ಎರಡನೇ ಕ್ವಾರ್ಟರಿನಲ್ಲಿ ಇಳಿದಳು. ಓಡುತ್ತಾಳೆ, ಚೆಂಡು ಹಿಡಿಯುತ್ತಾಳೆ, ಬುಟ್ಟಿಯ ಹತ್ತಿರ ಬಂದ ಕೂಡಲೆ ಬೇರೆಯವರಿಗೆ ಕೊಟ್ಟುಬಿಡುತ್ತಾಳೆ. ಒಂದು ಸಲ, ಎರಡು ಸಲ. ಹತ್ತನೆಯ ಸಲಕ್ಕೆ ಎಲ್ಲರಿಗೂ ತಿಳಿಯಿತು. ಅವಳ ಪಾದ ನೆಲ ಬಿಡುತ್ತಿರಲಿಲ್ಲ. ಕೋಚ್ ಮೇಡಂ ಕರೆದು ಭುಜ ತಟ್ಟಿ ಮತ್ತೆ ಕಳಿಸಿದರು. ನಾಲ್ಕನೇ ಕ್ವಾರ್ಟರಿನಲ್ಲಿ ಏಣಿ ಅವಳಿಗೆ ಚೆಂಡು ಕೊಟ್ಟಳು, ಎದುರಿಗೆ ಒಬ್ಬರೂ ಇಲ್ಲ, ಬುಟ್ಟಿಯ ಕೆಳಗೆ ಅವಳೊಬ್ಬಳೇ. ಚೆಂಡನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಅಂಕಣವೆಲ್ಲ ಸ್ತಬ್ಧ. ಕೆಂಪು ಟೋಪಿಯವನಿಗೂ ಏನು ಕೂಗಬೇಕೆಂದು ತೋಚಲಿಲ್ಲ. ನನ್ನ ಗಂಟಲಿಗೆ ಎಲ್ಲ ಬಂದು ಕೂತಿತ್ತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಆಗ ನನ್ನ ಪಕ್ಕದಿಂದ, ಹೊಲಿಗೆ ಮೆಷಿನ್ನಿನ ಸದ್ದಿಗಿಂತ ದೊಡ್ಡ ಸದ್ದು ಮಾಡಿದ್ದನ್ನು ನಾನು ಜನ್ಮದಲ್ಲಿ ಕೇಳದ ನನ್ನ ಹೆಂಡತಿ ಎದ್ದು ನಿಂತಳು. ತೊಡೆಯ ಮೇಲಿದ್ದ ಚೀಲ ಕೆಳಗೆ ಬಿತ್ತು.

"ಹಾರೇ ಗುಬ್ಬೀ!"

ಮರದ ಹಕ್ಕಿಗಳು ಎದ್ದವು. ರೆಫರಿ ತಿರುಗಿ ನೋಡಿದ, ಕೆಂಪು ಟೋಪಿ ತಿರುಗಿ ನೋಡಿತು. ಇಂಥ ಗಂಟಲನ್ನು ಇಷ್ಟು ವರ್ಷ ಇವಳು ಎಲ್ಲಿಟ್ಟಿದ್ದಳೋ. ಗುಬ್ಬಿ ಹಾರಿದಳು. ಚೆಂಡು ಬುಟ್ಟಿಯ ಬಳೆಗೆ ಬಡಿದು ಹೊರಗೆ ಬಿತ್ತು, ಅವಳು ಎರಡೂ ಕಾಲ ಮೇಲೆ ನೆಟ್ಟಗೆ ಇಳಿದಳು, ಇಳಿದು ತನ್ನ ಪಾದಗಳನ್ನೇ ನೋಡಿಕೊಂಡಳು. ಏಣಿ ಚೆಂಡು ಹಿಡಿದು ಮತ್ತೆ ಅವಳಿಗೇ ಎಸೆದಳು.

ನೆಟ್ಟಗೆ ನಿಲ್ಲು, ಹೊಟ್ಟೆಯಿಂದ ಉಸಿರು ತೆಗೆ, ಹೀಗೆ ಕೂಗಿದರೆ ಗಂಟಲು ಹೋಗುತ್ತದೆ ಮಾರಾಯ್ತಿ ಎಂದು ಹೆಂಡತಿಗೆ ಹೇಳಲು ಬಾಯಿ ತೆರೆದೆ. ಈ ವಿಷಯದಲ್ಲಿ ನನ್ನಷ್ಟು ಅನುಭವ ಈ ಊರಿನಲ್ಲಿ ಯಾರಿಗಿದೆ? ಆದರೆ ಅವಳು ಎರಡನೆಯ ಕೂಗಿಗೆ ಉಸಿರು ಎಳೆದುಕೊಳ್ಳುತ್ತಿದ್ದಳು. ನಡುವೆ ಬಾಯಿ ಹಾಕಬಾರದೆಂದು ಸುಮ್ಮನಾದೆ.